ಗಣಕಯಂತ್ರದ ಜನಸಂದಣಿ ನಂಬಲರ್ಹವೇ?

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ 2022ರಲ್ಲಿ ಉದ್ಘಾಟನೆಗೊಂಡ ಎರಡನೆಯ ಟರ್ಮಿನಲ್ ವರ್ಷಕ್ಕೆ ಸುಮಾರು ಎರಡೂವರೆ ಕೋಟಿ ಪ್ರಯಾಣಿಕರಿಗಾಗಿ ನಿರ್ಮಿತವಾದುದು. ಇಷ್ಟು ದೊಡ್ಡ ಕಟ್ಟಡದಲ್ಲಿ ನೂಕುನುಗ್ಗಲು ಎಲ್ಲಿ ಉಂಟಾದೀತೆಂಬುದು ಗೋಡೆಗಳು ಎದ್ದ ಮೇಲೆ ತಿಳಿದರೆ ಫಲವೇನು? ಆದುದರಿಂದ ಇಂತಹ ನಿಲ್ದಾಣಗಳ ಯೋಜಕರು ಗಣಕಯಂತ್ರದಲ್ಲಿ ಕಲ್ಪಿತ ಪ್ರಯಾಣಿಕರನ್ನು ಮೊದಲೇ ನಡೆಸಿ ನೋಡುವರು.

ಈ ಮಾದರಿಯನ್ನು ನಂಬುವ ಮುನ್ನ ಎರಡು ಪರೀಕ್ಷೆಗಳು ಅವಶ್ಯ. ಮೊದಲನೆಯದು ಲೆಕ್ಕದ ಶುದ್ಧಿ: ಸೆಕೆಂಡಿಗೆ 1 ಮೀಟರು ನಡೆಯುವವನು 40 ಮೀಟರು ಉದ್ದದ ಹಾದಿಯನ್ನು 40 ಸೆಕೆಂಡುಗಳಲ್ಲಿಯೇ ದಾಟಬೇಕು. ಎರಡನೆಯದು ವಾಸ್ತವದೊಡನೆ ತಾಳೆ, ಇದು ಕಠಿನ. ಜನ ದಟ್ಟವಾದಷ್ಟೂ ನಡಿಗೆ ನಿಧಾನವಾಗುವುದು. ಆದರೆ ಎಷ್ಟು ನಿಧಾನ? ಜರ್ಮನಿಯಲ್ಲಿಯೂ ಭಾರತದಲ್ಲಿಯೂ ಜನರನ್ನು ಒಂದೇ ಸಾಲಿನಲ್ಲಿ ನಡೆಸಿ, 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ದಟ್ಟಣೆ ಹೆಚ್ಚಿದಾಗ ಭಾರತೀಯರ ವೇಗವು ಜರ್ಮನರದಷ್ಟು ಕುಗ್ಗಲಿಲ್ಲ. ಪರದೇಶದ ಅಂಕಿಗಳಿಂದ ಹದಗೊಳಿಸಿದ ಮಾದರಿಯು ನಮ್ಮಲ್ಲಿ ತಪ್ಪು ಹೇಳಬಹುದೆಂಬುದು ಇದರಿಂದ ಸ್ಪಷ್ಟ.

ಇನ್ನೊಂದು ಎಚ್ಚರಿಕೆಯೂ ಉಂಟು. ಯಾವ ದಿನದ ಎಣಿಕೆಯಿಂದ ಮಾದರಿಯನ್ನು ಹದಗೊಳಿಸಿದರೋ ಅದೇ ದಿನದ ಎಣಿಕೆಯೊಡನೆ ಹೋಲಿಸುವುದು ಪರೀಕ್ಷೆಯಲ್ಲ. ಅದು ಉತ್ತರವನ್ನು ನೋಡಿಕೊಂಡು ಲೆಕ್ಕ ಬಿಡಿಸಿದಂತೆ. ಮಾದರಿಯು ಕಾಣದ ಬೇರೊಂದು ದಿನವೇ ನಿಜವಾದ ಒರೆಗಲ್ಲು.

ಇದನ್ನರಿಯಲು ವಿಮಾನ ನಿಲ್ದಾಣವೇ ಬೇಕಿಲ್ಲ. ಹಿರೇಕೆರೂರು ಸೀಮೆಯ ಅಬಲೂರಿನಂತಹ ಊರಿನ ವಿದ್ಯಾರ್ಥಿಯೂ ಶಾಲೆ ಬಿಟ್ಟಾಗ ಬಾಗಿಲಿನಿಂದ ನಿಮಿಷಕ್ಕೆ ಎಷ್ಟು ಮಂದಿ ಹೊರಬರುವರೆಂದು ಇಂದು ಎಣಿಸಿ, ನಾಳಿನ ಸಂಖ್ಯೆಯನ್ನು ಮೊದಲೇ ಬರೆದಿಟ್ಟು, ತಾಳೆ ನೋಡಬಹುದು.