ಎಷ್ಟು ಗಂಟೆ ನಿದ್ದೆ, ಎಷ್ಟು ಗಂಟೆಗೆ ನಿದ್ದೆ?

ವಾರವಿಡೀ ರಾತ್ರಿ 10.30ಕ್ಕೆ ಮಲಗಿ, ಟ್ಯೂಷನ್‌ಗೆಂದು ಬೆಳಿಗ್ಗೆ 5.30ಕ್ಕೆ ಏಳುವ ಎಸ್ಸೆಸ್ಸೆಲ್ಸಿ ಹುಡುಗನೊಬ್ಬ ಶನಿವಾರ ಮಾತ್ರ ರಾತ್ರಿ 1ರವರೆಗೆ ಎಚ್ಚರವಿದ್ದು, ಭಾನುವಾರ 10ಕ್ಕೆ ಏಳುತ್ತಾನೆ ಎಂದುಕೊಳ್ಳಿ. ಮನೆಯವರು ಅವನನ್ನು ಕುಂಭಕರ್ಣ ಎನ್ನುತ್ತಾರೆ. ಅವನ ನಿದ್ದೆಯ ಲೆಕ್ಕ ಬೇರೆಯೇ ಹೇಳುತ್ತದೆ. ವಾರದ ದಿನಗಳಲ್ಲಿ ಅವನ ನಿದ್ದೆಯ ನಡುಹೊತ್ತು ರಾತ್ರಿ 2 ಗಂಟೆ. ಭಾನುವಾರ ಅದು ಬೆಳಗಿನ ಜಾವ 5.30. ಬೇಸಿಗೆಯಲ್ಲಿ ಭಾರತಕ್ಕೂ ಜರ್ಮನಿಗೂ ಇರುವ ಕಾಲವ್ಯತ್ಯಾಸವೂ ಇದೇ ಮೂರೂವರೆ ಗಂಟೆ. ವಾರಕ್ಕೊಮ್ಮೆ ಜರ್ಮನಿಗೆ ಹೋಗಿ ಬಂದಷ್ಟು ಆಯಾಸವನ್ನು ಅವನ ದೇಹ ಮನೆಯಲ್ಲಿದ್ದುಕೊಂಡೇ ಅನುಭವಿಸುತ್ತಿದೆ. ಮ್ಯೂನಿಕ್‌ನ ಸಂಶೋಧಕ ಟಿಲ್ ರೋನೆಬರ್ಗ್ ಮತ್ತು ಸಂಗಡಿಗರು 2006ರಲ್ಲಿ ಈ ಸ್ಥಿತಿಯನ್ನು 'ಸೋಷಿಯಲ್ ಜೆಟ್‌ಲ್ಯಾಗ್' ಎಂದು ಕರೆದರು.

ನಮ್ಮ ಮಿದುಳಿನ ಹೈಪೊಥಲಾಮಸ್‌ನಲ್ಲಿ ಸುಮಾರು 20,000 ನರಕೋಶಗಳ ಪುಟ್ಟ ಗುಂಪೊಂದಿದೆ. ದೇಹದ ಮುಖ್ಯ ಗಡಿಯಾರ ಅದೇ. ಅದರ ಒಂದು ಸುತ್ತು 24 ಗಂಟೆಗಿಂತ ತುಸು ಹೆಚ್ಚು. ಹಾಗಾಗಿ ಅದನ್ನು ದಿನವೂ ತಿದ್ದಬೇಕು. ತಿದ್ದುವ ಕೆಲಸ ಕಣ್ಣಿಗೆ ಬೀಳುವ ಬೆಳಕಿನದು. ಬೆಳಗಿನ ಬಿಸಿಲು ಗಡಿಯಾರವನ್ನು ಮುಂದಕ್ಕೆ ತಳ್ಳಿ ರಾತ್ರಿ ಬೇಗ ನಿದ್ದೆ ಬರುವಂತೆ ಮಾಡಿದರೆ, ರಾತ್ರಿಯ ಬೆಳಕು ಹಿಂದಕ್ಕೆ ಎಳೆದು ನಿದ್ದೆಯನ್ನು ತಡಮಾಡುತ್ತದೆ. ಕತ್ತಲಾದಂತೆ ನಿದ್ದೆಗೆ ಅಣಿಮಾಡುವ ಮೆಲಟೋನಿನ್ ಹಾರ್ಮೋನು ಸ್ರವಿಸುವುದು, ಮೈಯ ಉಷ್ಣತೆ ಇಳಿಯುವುದು, ಏಳುವ ಮೊದಲೇ ಎಚ್ಚರಕ್ಕೆ ಅಣಿಮಾಡುವ ಕಾರ್ಟಿಸಾಲ್ ಹಾರ್ಮೋನು ಏರುವುದು ಎಲ್ಲವೂ ಈ ಗಡಿಯಾರದ ಅಣತಿಯಂತೆ ನಡೆಯುತ್ತವೆ. ಮಲಗುವ ವೇಳೆ ದಿನಕ್ಕೊಂದಾದರೆ ಈ ಸಿದ್ಧತೆಗಳೆಲ್ಲ ಹೊತ್ತು ತಪ್ಪುತ್ತವೆ. ಭಾನುವಾರ ತಡವಾಗಿ ಎದ್ದವನಿಗೆ ಎಳೆಬಿಸಿಲು ಸಿಗುವುದಿಲ್ಲ, ಗಡಿಯಾರ ಇನ್ನಷ್ಟು ಹಿಂದೆ ಬೀಳುತ್ತದೆ, ಆ ರಾತ್ರಿ ನಿದ್ದೆ ಹತ್ತುವುದಿಲ್ಲ. ಸೋಮವಾರ ಮೊದಲ ಪೀರಿಯಡ್‌ನಲ್ಲೇ ಅವನ ಕಣ್ಣು ಎಳೆಯುತ್ತದೆ.

ಹದಿಹರೆಯದಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಮೈನೆರೆಯುವ ವಯಸ್ಸಿನಲ್ಲಿ ದೇಹದ ಗಡಿಯಾರವೇ ಒಂದೆರಡು ಗಂಟೆ ಹಿಂದೆ ಸರಿಯುತ್ತದೆ ಎಂಬುದನ್ನು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಮೇರಿ ಕಾರ್ಸ್ಕಡನ್ ದಶಕಗಳ ಅಧ್ಯಯನದಿಂದ ತೋರಿಸಿದ್ದಾರೆ. ಎಚ್ಚರವಿದ್ದಷ್ಟೂ ಕೂಡುತ್ತ ಹೋಗುವ ನಿದ್ದೆಯ ಒತ್ತಡವೂ ಈ ವಯಸ್ಸಿನಲ್ಲಿ ನಿಧಾನವಾಗಿ ಏರುತ್ತದೆ. ಚಿಕ್ಕವಳಿದ್ದಾಗ 9ಕ್ಕೆ ತೂಕಡಿಸುತ್ತಿದ್ದ ಮಗಳು 15ನೇ ವಯಸ್ಸಿನಲ್ಲಿ 11 ಗಂಟೆಯಾದರೂ ಚುರುಕಾಗಿರುವುದಕ್ಕೆ ಕಾರಣ ಇದು. ಗಡಿಯಾರ ಹೀಗೆ ಹಿಂದೆ ಸರಿಯುವುದು 20ರ ಆಸುಪಾಸಿನಲ್ಲಿ ತುದಿ ಮುಟ್ಟಿ, ಆಮೇಲೆ ಮೆಲ್ಲಗೆ ಮರಳುತ್ತದೆ. ಅದನ್ನು ಸೋಮಾರಿತನವೆಂದು ಬೈಯುವುದು ಅನ್ಯಾಯ. ಆದರೆ ಕೈಯಲ್ಲಿರುವ ಮೊಬೈಲಿನ ಬೆಳಕು, ಅದಕ್ಕಿಂತ ಹೆಚ್ಚಾಗಿ ಅದು ಹುಟ್ಟಿಸುವ ಕುತೂಹಲ, ಮೊದಲೇ ಹಿಂದೆ ಬಿದ್ದ ಗಡಿಯಾರವನ್ನು ಮತ್ತಷ್ಟು ಎಳೆಯುತ್ತದೆ.

13ರಿಂದ 18ರ ವಯಸ್ಸಿನವರಿಗೆ 8ರಿಂದ 10 ಗಂಟೆ, 6ರಿಂದ 12ರವರಿಗೆ 9ರಿಂದ 12 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾತಜ್ಞರ ಸಂಸ್ಥೆ 2016ರಲ್ಲಿ ಹೇಳಿದೆ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ರಾತ್ರಿಯ ಮೊದಲ ಭಾಗದ ಗಾಢ ನಿದ್ದೆಯಲ್ಲಿ. ಕನಸುಗಳ ನಿದ್ದೆ ಹೆಚ್ಚಾಗಿರುವುದು ಬೆಳಗಿನ ಜಾವದಲ್ಲಿ. ಹಗಲು ಕಲಿತದ್ದು ನೆನಪಿನಲ್ಲಿ ನೆಲೆಯಾಗಲು ನಿದ್ದೆ ಬೇಕೇ ಬೇಕು. ರಾತ್ರಿಯಿಡೀ ಓದಿ ಪರೀಕ್ಷೆಗೆ ಹೋಗುವ ವಿದ್ಯಾರ್ಥಿ ತಾನು ಓದಿದ್ದನ್ನು ಉಳಿಸಿಕೊಳ್ಳುವ ಹೊತ್ತನ್ನೇ ಕಳೆದುಕೊಂಡಿರುತ್ತಾನೆ.

ಚಿಕ್ಕ ಮಕ್ಕಳ ಬಗ್ಗೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಇವಾನ್ ಕೆಲ್ಲಿ ಮತ್ತು ಸಂಗಡಿಗರು 2013ರಲ್ಲಿ ಮುಖ್ಯವಾದ ಅಧ್ಯಯನವೊಂದನ್ನು ಪ್ರಕಟಿಸಿದರು. ಬ್ರಿಟನ್ನಿನ 10,000ಕ್ಕೂ ಹೆಚ್ಚು ಮಕ್ಕಳ ಮಲಗುವ ವೇಳೆಯನ್ನು 3, 5 ಮತ್ತು 7ನೇ ವಯಸ್ಸಿನಲ್ಲಿ ದಾಖಲಿಸಿ ನೋಡಿದಾಗ, ಹೊತ್ತುಗೊತ್ತಿಲ್ಲದೆ ಮಲಗುವವರಲ್ಲಿ ಚಡಪಡಿಕೆ, ಗೆಳೆಯರೊಂದಿಗೆ ಜಗಳ, ಮನಸ್ಸಿನ ಕಿರಿಕಿರಿ ಹೆಚ್ಚಾಗಿದ್ದವು. ಈ ಅಭ್ಯಾಸ ಹೆಚ್ಚು ವರ್ಷ ಮುಂದುವರಿದಷ್ಟೂ ತೊಂದರೆ ಬೆಳೆದಿತ್ತು. ಒಂದೇ ವೇಳೆಗೆ ಮಲಗುವ ರೂಢಿಗೆ ಬಂದ ಮಕ್ಕಳಲ್ಲಿ ನಡವಳಿಕೆ ಸುಧಾರಿಸಿತ್ತು. ತಂದೆತಾಯಂದಿರು ನೆನಪಿಡಬೇಕಾದ ಸಂಗತಿ ಇದು: ಕೆಟ್ಟದ್ದನ್ನು ಸರಿಮಾಡಬಹುದು.

ಎಲ್ಲಿಂದ ಶುರುಮಾಡಬೇಕು? ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಹಿಡಿತಕ್ಕೆ ತರುವುದು ಸುಲಭ. ರಜಾದಿನದಲ್ಲೂ ಅದು ಒಂದು ಗಂಟೆಗಿಂತ ಹೆಚ್ಚು ಜಾರದಿರಲಿ. ಎದ್ದೊಡನೆ ಮಗು ಅಂಗಳಕ್ಕೋ ತಾರಸಿಗೋ ಹೋಗಿ ಬಿಸಿಲು ನೋಡಲಿ. ನಿದ್ದೆ ಸಾಲದಿದ್ದರೆ ಮಧ್ಯಾಹ್ನ ಅರ್ಧ ಗಂಟೆ ಮಲಗಬಹುದು. ಸಂಜೆಯ ಮೇಲೆ ಕಾಫಿ, ಟೀ ಬೇಡ. ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ದೇಹದಲ್ಲಿರುತ್ತದೆ. ಮಲಗುವ ಮುಂಚೆ ದೀಪಗಳು ಮಂದವಾಗಲಿ, ಮೊಬೈಲುಗಳು ಹಾಲ್‌ನಲ್ಲಿರಲಿ. ಅಪ್ಪ ಅಮ್ಮನ ಮೊಬೈಲುಗಳು ಕೂಡ.

ಇಷ್ಟನ್ನು ಮನೆ ಮಾಡಬಹುದು, ಉಳಿದದ್ದು ಶಾಲೆಯ ಕೈಯಲ್ಲಿದೆ. ಅಮೆರಿಕದ ಸಿಯಾಟಲ್‌ನಲ್ಲಿ 2016ರಲ್ಲಿ ಹೈಸ್ಕೂಲುಗಳ ಆರಂಭವನ್ನು 7.50ರಿಂದ 8.45ಕ್ಕೆ ಬದಲಿಸಿದಾಗ ಮಕ್ಕಳ ನಿದ್ದೆ ದಿನಕ್ಕೆ 34 ನಿಮಿಷ ಹೆಚ್ಚಿತು. ಬಿಡುವು ಸಿಕ್ಕಿತೆಂದು ಅವರು ಅಷ್ಟೇ ತಡವಾಗಿ ಮಲಗಲಿಲ್ಲ. ನಾಲ್ಕನೇ ತರಗತಿವರೆಗಿನ ಮಕ್ಕಳಿಗೆ ಬೆಳಿಗ್ಗೆ 9ಕ್ಕಿಂತ ಮುಂಚೆ ಪಾಠ ಬೇಡವೆಂದು ಮಹಾರಾಷ್ಟ್ರ ಸರ್ಕಾರ 2024ರಲ್ಲಿ ಸೂಚಿಸಿತು. ನಮ್ಮಲ್ಲಿಯೂ ಬೆಳಗಿನ ಜಾವದ ಟ್ಯೂಷನ್, ಸ್ಪೆಷಲ್ ಕ್ಲಾಸ್, ಶಾಲಾ ಬಸ್ಸುಗಳ ವೇಳೆ ನಿಗದಿ ಮಾಡುವವರು ಮಕ್ಕಳ ನಿದ್ದೆಯನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಳೆಯುವ ಮಿದುಳಿಗೆ ನಿದ್ದೆಯೂ ಪಾಠದ ಒಂದು ಭಾಗವೇ.