ಅಂಗಳದಲ್ಲೊಂದು ಎಳೆಯರ ಸಂತೆ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸಂತೆಗೆ ತಾಯಿಯ ಸೆರಗು ಹಿಡಿದು ಹೋಗಿಬಂದ ಮಗು ಮರುದಿನ ಜಗಲಿಯ ಮೇಲೆ ನಾಲ್ಕು ಎಲೆ ಹರಡಿ, ‘ಸೊಪ್ಪು ಬೇಕೇನ್ರೀ?’ ಎಂದು ಕೂಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ‘ಕಸ ಮಾಡಬೇಡ’ ಎಂಬುದೇ ನಮ್ಮ ಉತ್ತರವಾದರೆ, ಮಗು ತಾನಾಗಿ ತೆರೆದ ಪಾಠಶಾಲೆಯ ಬಾಗಿಲನ್ನು ನಾವೇ ಮುಚ್ಚಿದಂತಾಗುತ್ತದೆ.

ನಮ್ಮ ರಾಜ್ಯದ ಅನೇಕ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ‘ಮಕ್ಕಳ ಸಂತೆ’ ನಡೆಯುತ್ತದೆ. ಅಲ್ಲಿ ಮಕ್ಕಳು ತರಕಾರಿ, ತಿಂಡಿಗಳನ್ನು ನಿಜವಾದ ಹಣಕ್ಕೇ ಮಾರುತ್ತಾರೆ. ಅದು ಲೆಕ್ಕ ಬಲ್ಲವರಿಗೆ ತಕ್ಕುದು. 3ರಿಂದ 6 ವರ್ಷದ ಎಳೆಯರಿಗೆ ಬೇಕಾದುದು ವ್ಯಾಪಾರವಲ್ಲ, ವ್ಯಾಪಾರದ ಆಟ. 2022ರಲ್ಲಿ ಪ್ರಕಟವಾದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ 3ರಿಂದ 8 ವರ್ಷದವರ ಕಲಿಕೆಗೆ ಆಟವನ್ನೇ ಆಧಾರವಾಗಿಸಿದೆ.

ಇದಕ್ಕೆ ಖರ್ಚೇನೂ ಇಲ್ಲ. ಮಳೆಗಾಲ ಕಳೆದ ಮೇಲೆ, ಅಡಿಕೆ ಒಣಗಿಸುವ ಅಂಗಳದಲ್ಲಿ ಒಂದು ಮೂಲೆಯನ್ನು ಬಿಟ್ಟುಕೊಟ್ಟರೆ ಸಾಕು. ನಾಲ್ಕು ಗೂಟಗಳ ಮೇಲೆ ಸೋಗೆ ಹೊದಿಸಿದರೆ ಅಂಗಡಿ. ಅಡಿಕೆಯ ಹಾಳೆಯೇ ತಟ್ಟೆ. ಎರಡು ತೆಂಗಿನ ಕರಟಗಳನ್ನು ಕೋಲಿನ ಎರಡು ತುದಿಗೆ ಸಮನಾಗಿ ಕಟ್ಟಿ, ನಡುವೆ ದಾರ ಕಟ್ಟಿ ಹಿಡಿದರೆ ತಕ್ಕಡಿ. ಬಸಳೆ, ದಾಸವಾಳದ ಎಲೆ, ನಿಂಬೆಹಣ್ಣು, ಬಾಳೆಕಾಯಿ ಸರಕಾಗಲಿ. ಹಾಳೆಯಿಂದ ಗುಂಡಗೆ ಕತ್ತರಿಸಿದ ಬಿಲ್ಲೆಗಳೇ ನಾಣ್ಯ. ಅವನ್ನು ‘ಇಕ್ಕೇರಿ ವರಹ’ ಎಂದು ಕರೆದು, ಸಾಗರದ ಸಮೀಪದ ಇಕ್ಕೇರಿಯಲ್ಲಿ ಕೆಳದಿಯ ಅರಸರು ಆಳಿದ ಕಥೆಯನ್ನು ಅಜ್ಜಿ ಹೇಳಬಹುದು. 16 ಆಣೆಗೆ ಒಂದು ರೂಪಾಯಿ ಎಂಬ ಎಣಿಕೆ ಹೋಗಿ 1957ರ ಏಪ್ರಿಲ್ 1ರಿಂದ 100 ಪೈಸೆಯ ಎಣಿಕೆ ಬಂದುದನ್ನು ಅಜ್ಜ ಹೇಳಬಹುದು. ಹಿರಿಯರು ಫೋನು ತೋರಿಸಿ ಹಣ ಸಲ್ಲಿಸುವ ಈ ಕಾಲದಲ್ಲಿ, ಕೊಟ್ಟರೆ ಕಡಿಮೆಯಾಗುತ್ತದೆ ಎಂಬುದನ್ನು ಮಗು ಕಣ್ಣಾರೆ ಕಾಣುವುದು ಇಂಥ ಬಿಲ್ಲೆಗಳಲ್ಲಿಯೇ.

ಎಚ್ಚರಿಕೆಯ ಮಾತೊಂದಿದೆ. ಎಲೆ ಆರಿಸಲು ಮಕ್ಕಳನ್ನು ಕಾಡಿನಂಚಿಗೆ ಕಳುಹಿಸಕೂಡದು. ಮಂಗನ ಕಾಯಿಲೆಯನ್ನು ಹರಡುವ ಉಣುಗುಗಳು ತರಗೆಲೆಗಳಲ್ಲಿರುತ್ತವೆ. ಮಳೆ ನಿಂತ ಮೇಲಿನ ಒಣ ತಿಂಗಳುಗಳೇ ಅವುಗಳ ಕಾಲ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಆ ಕಾಯಿಲೆ ಜೀವಗಳನ್ನು ಬಲಿ ತೆಗೆದುಕೊಂಡುದನ್ನು ನಾವು ಮರೆಯುವಂತಿಲ್ಲ. ಗುಲಗಂಜಿ, ಹರಳುಬೀಜ, ಕಣಗಿಲೆಗಳು ವಿಷ. ಹಸಿ ಕೆಸು ತುರಿಕೆ. ಹುಣಸೆಬೀಜದಂಥ ಸಣ್ಣ ಕಾಳುಗಳು ಮೂಗು, ಗಂಟಲುಗಳನ್ನು ಸೇರಬಹುದು. ಆದುದರಿಂದ ಸರಕೆಲ್ಲ ಹಿತ್ತಿಲಿನದಾಗಿರಲಿ, ಹಿರಿಯರೊಬ್ಬರು ಬಳಿಯಿರಲಿ.

ಬಳಿಯಿದ್ದವರು ಆಟವನ್ನು ತಿದ್ದಲು ಹೋಗಬಾರದು. ಮಗು ಒಂದು ನಿಂಬೆಹಣ್ಣಿಗೆ ನೂರು ವರಹ ಕೇಳಿದರೆ, ‘ತುಸು ಕಡಿಮೆ ಮಾಡಿಕೊಳ್ಳಮ್ಮ’ ಎಂದು ಚೌಕಾಸಿ ಮಾಡುವುದೇ ನಮ್ಮ ಪಾತ್ರ. ಮಾತು ಬೆಳೆಯುವುದು ಆ ಚೌಕಾಸಿಯಲ್ಲಿ. ತಕ್ಕಡಿ ವಾಲಿದಾಗ ‘ಇದು ಸಮನಾಯಿತೇ?’ ಎಂದಷ್ಟೇ ಕೇಳೋಣ. ಇನ್ನೊಂದು ಹಣ್ಣನ್ನು ಮಗುವೇ ಹಾಕಲಿ. ಯಾರಿಗೂ ಮೋಸವಾಗದಂತೆ ತೂಗಬೇಕೆಂಬ ಅರಿವು ಬೋಧನೆಯಿಂದ ಬರುವುದಕ್ಕಿಂತ ಹೀಗೆ ಕೈಯಿಂದ ಬರುವುದೇ ಹೆಚ್ಚು.

ನೆರೆಮನೆಯ ಮಕ್ಕಳನ್ನೂ, ತೋಟದ ಕೆಲಸಕ್ಕೆ ಬರುವವರ ಮಕ್ಕಳನ್ನೂ ಕರೆಯಲು ಮರೆಯಬೇಡಿ. ಶಾಲೆಯ ಸಂತೆಗೆ ತರಲು ಮನೆಯಲ್ಲಿ ಏನೂ ಇಲ್ಲದ ಮಗು ತಲೆ ತಗ್ಗಿಸಬೇಕಾದೀತು. ಈ ಸಂತೆಯಲ್ಲಿ ಬಂಡವಾಳವೆಲ್ಲ ಬೇಲಿಯ ಸೊಪ್ಪು, ಬಿದ್ದ ಹಾಳೆ. ಅದು ಎಲ್ಲರಿಗೂ ಸಮನಾಗಿ ದೊರೆಯುತ್ತದೆ. ಸಂಜೆ ಸಂತೆ ಮುಗಿದಾಗ ಯಾರಿಗೆಷ್ಟು ಲಾಭವಾಯಿತೆಂದು ನಾವು ಕೇಳದಿರೋಣ. ನಾಳೆ ಯಾರು ಅಂಗಡಿ ಇಡುವವರು ಎಂದು ಕೇಳೋಣ.