‘ಸರೀಂಗ’ ಎಂಬ ಕೂಗು

ಜನವರಿ, ಭಾನುವಾರ. ನಂಜರಾಯನ್ ಕೆರೆ ಏರಿ, ಬೆಳಗಿನ ಆರೂ ಹತ್ತು.

ತಲುಪಿದ ಕೂಡಲೇ ಎಣಿಸಲು ಶುರು ಮಾಡಬಾರದು. ನಾವು ಏರಿ ಹತ್ತಿದ ಸದ್ದಿಗೇ ಒಂದಷ್ಟು ಹಕ್ಕಿ ಜೊಂಡಿನೊಳಗೆ ಸರಿದಿರುತ್ತವೆ, ಇನ್ನೊಂದಷ್ಟು ನೀರಿನ ನಡುವಿಗೆ ಜಾರಿರುತ್ತವೆ. ಆಗ ಎಣಿಸಿದರೆ ನಮಗೆ ಹೆದರದ ಹಕ್ಕಿಗಳ ಲೆಕ್ಕ ಮಾತ್ರ ಸಿಗುತ್ತದೆ. ಆದ್ದರಿಂದ ಥರ್ಮಾಸ್ ತೆಗೆದು ಚಹಾ ಬಗ್ಗಿಸಿಕೊಂಡು, ಎರಡು ಮೂರು ನಿಮಿಷ ಸುಮ್ಮನೆ ಕೂತೆ. ನಾಮದ ಕೋಳಿಗಳು ಒಂದೊಂದಾಗಿ ಜೊಂಡಿನಿಂದ ಹೊರಬಂದವು. ಒಂದು ಹೆಜ್ಜಾರ್ಲೆ ನೀರಿನ ಮೇಲೆ ಹಳೇ ದೋಣಿಯ ಹಾಗೆ ತೇಲಿಕೊಂಡು ಬಂತು.

ತಿರುಪ್ಪೂರಿನಿಂದ ಉತ್ತರಕ್ಕೆ, ಸರ್ಕಾರ್ ಪೆರಿಯಪಾಳಯಂ ಬಳಿ ಇದೆ ಈ ಕೆರೆ. ಸುಮಾರು 126 ಹೆಕ್ಟೇರ್. 2022ರಲ್ಲಿ ತಮಿಳುನಾಡಿನ ಹದಿನೇಳನೆಯ ಪಕ್ಷಿಧಾಮವಾಯಿತು, 2024ರ ಆಗಸ್ಟ್‌ನಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಹಿಂದೆಂದೋ ನಂಜರಾಯನ್ ಎಂಬ ದೊರೆ ಕೆರೆಯನ್ನು ದುರಸ್ತಿ ಮಾಡಿಸಿದನಂತೆ, ಹೆಸರು ಅದರಿಂದ ಬಂತಂತೆ. ಮೈಸೂರಿನ ಕಿವಿಗೆ ಈ ಹೆಸರು ನೆಂಟರ ಮನೆಯದೇ ಅನ್ನಿಸುತ್ತದೆ. ಅದಕ್ಕಿಂತ ಹೆಚ್ಚಿಗೆ ಹೇಳಲು ನನ್ನ ಬಳಿ ಆಧಾರವಿಲ್ಲ.

ಏಳು ಗಂಟೆಯ ಹೊತ್ತಿಗೆ ನೀರುಕಾಗೆಗಳು ಬಂದವು. ಇವು ಗುಂಪಾಗಿ ಮೀನು ಹಿಡಿಯುವುದನ್ನು ನೋಡುವುದೇ ಒಂದು ಸುಖ. ಅಗಲವಾದ ಸಾಲು ಕಟ್ಟಿ ಮುಳುಗುತ್ತ ಏಳುತ್ತ ಮೀನುಗಳನ್ನು ಮುಂದಕ್ಕೆ ತಳ್ಳುತ್ತವೆ. ಹಿಂದೆ ಬಿದ್ದವು ಪಟಪಟ ಹಾರಿ, ಮುಂದಿನವುಗಳ ತಲೆಯ ಮೇಲಿಂದ ದಾಟಿ, ಎಲ್ಲಕ್ಕಿಂತ ಮುಂದೆ ಇಳಿಯುತ್ತವೆ. ಕ್ಷಣದಲ್ಲಿ ಅವೂ ಹಿಂದೆ ಬೀಳುತ್ತವೆ. ಹೀಗೆ ಸಾಲು ಕೆರೆಯುದ್ದಕ್ಕೂ ಉರುಳುತ್ತ ಹೋಗುತ್ತದೆ. ಮುಂದಾಳು ಯಾವುದು ಎಂದು ದುರ್ಬೀನು ಹಿಡಿದು ಹುಡುಕಿದೆ. ಗೊತ್ತಾಗಲಿಲ್ಲ.

ಇದನ್ನೇ ಸ್ಲೈಡ್ ಮಾಡಿ ‘ತಂಡದ ಕೆಲಸ’ ಎಂದು ತೋರಿಸುವ ತರಬೇತುದಾರರನ್ನು ನಾನು ನೋಡಿದ್ದೇನೆ. ನನಗೆ ಅದು ಒಗ್ಗುವುದಿಲ್ಲ. ನೀರುಕಾಗೆಗೆ ಮೀನು ಬೇಕು, ಪಕ್ಕದ ನೀರುಕಾಗೆಗೂ ಮೀನೇ ಬೇಕು, ಅವುಗಳ ವ್ಯವಹಾರ ಅಲ್ಲಿಗೆ ಮುಗಿಯಿತು. ನಮ್ಮ ಕಂಪನಿಯ ಸೋಮವಾರದ ಮೀಟಿಂಗಿನಲ್ಲಿ ಕಟಿಂಗ್‌ನವರಿಗೆ ಬೇಕಾದದ್ದು ಒಂದು, ಚೆಕಿಂಗ್‌ನವರಿಗೆ ಬೇಕಾದದ್ದು ಇನ್ನೊಂದು, ಮರ್ಚಂಡೈಸರ್‌ಗೆ ಬೇಕಾದದ್ದು ಇವೆರಡೂ ಅಲ್ಲದ ಮತ್ತೊಂದು. ಹಕ್ಕಿಯಿಂದ ಪಾಠ ಕಲಿಯುವ ಆಸೆಯನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಹಕ್ಕಿ ನೋಡುವ ಅಭ್ಯಾಸ ಮಾತ್ರ ಸೋಮವಾರಗಳಲ್ಲಿ ಕೆಲಸಕ್ಕೆ ಬಂದಿದೆ.

*

ನಮ್ಮದು ಬನಿಯನ್ ಕಂಪನಿ. ಟಿ-ಶರ್ಟ್ ಹೊಲಿದರೂ, ಮಕ್ಕಳ ಪೈಜಾಮ ಹೊಲಿದರೂ ತಿರುಪ್ಪೂರಿನಲ್ಲಿ ಅದು ಬನಿಯನ್ ಕಂಪನಿಯೇ. ವಾರಕ್ಕೊಮ್ಮೆ ಎಲ್ಲ ವಿಭಾಗದವರನ್ನು ಕೂರಿಸಿಕೊಂಡು ಮೀಟಿಂಗ್ ಮಾಡುವುದು ನನ್ನ ಪಾಲಿನ ಕೆಲಸ. ಮೇಜಿನ ಸುತ್ತ ನಾಲ್ಕು ಭಾಷೆ. ಬಹುಪಾಲು ಕೊಂಗು ತಮಿಳು. ಒಡಿಶಾ, ಬಿಹಾರದಿಂದ ಬಂದ ಹುಡುಗರ ಲೈನಿನಲ್ಲಿ ಒಡಿಯಾ, ಹಿಂದಿ. ಕಟಿಂಗ್ ಮಾಸ್ಟರ್ ಕೊಯಮತ್ತೂರಿನ ದೇವಾಂಗರವರು, ಮನೆಯಲ್ಲಿ ಕನ್ನಡ. ಅವರ ಕನ್ನಡಕ್ಕೆ ತಮಿಳಿನ ಇಳಿಜಾರು, ನನ್ನ ತಮಿಳಿಗೆ ಕನ್ನಡದ ಉಬ್ಬು. ಇಬ್ಬರೂ ಒಬ್ಬರಿಗೊಬ್ಬರು ನಗೆಪಾಟಲು.

ಮೊದಲ ವರ್ಷ ನಾನು ಮೀಟಿಂಗ್ ನಡೆಸುತ್ತಿದ್ದ ರೀತಿ ನೆನೆದರೆ ಈಗ ನಾಚಿಕೆ. ಒಳಗೆ ಬಂದು ಕೂತವನೇ ಸಮಸ್ಯೆ ಹೇಳಿ, ಅದಕ್ಕೆ ನನಗೆ ತೋಚಿದ ಪರಿಹಾರವನ್ನೂ ಹೇಳಿ, “ಏನಂತೀರಿ?” ಎಂದು ಕೇಳುತ್ತಿದ್ದೆ. ಎಲ್ಲರೂ “ಸರೀಂಗ” ಅನ್ನುತ್ತಿದ್ದರು. ಇಪ್ಪತ್ತು ನಿಮಿಷಕ್ಕೆ ಮೀಟಿಂಗ್ ಮುಗಿಯುತ್ತಿತ್ತು. ಎಂಥ ಒಗ್ಗಟ್ಟು ಎಂದು ನಾನು ಹಿಗ್ಗುತ್ತಿದ್ದೆ.

ಕೊಂಗು ನಾಡಿನ ಮರ್ಯಾದೆಯ ಮಾತಿಗೆ ಈ ‘ಂಗ’ ಬಾಲ ಇರಲೇಬೇಕು. ಏನುಂಗ, ವಾಂಗ, ಇಲ್ಲೀಂಗ, ಸರೀಂಗ. ಕೋಪದಲ್ಲಿ ಜಗಳವಾಡುವಾಗಲೂ ಬಾಲ ಉದುರುವುದಿಲ್ಲ ಎಂದು ಕೊಯಮತ್ತೂರಿನವರೇ ತಮಾಷೆ ಮಾಡುತ್ತಾರೆ. ಮಧುರೈ ಕಡೆಯಿಂದ ಬಂದವರಿಗೂ ಇದು ಜೇನು ಸವರಿದ ಹಾಗೆ ಕೇಳುತ್ತದಂತೆ. ಆದರೆ ಮೀಟಿಂಗ್ ನಡೆಸುವವನಿಗೆ ಇದು ಗುರುತಿಸಲು ಕಷ್ಟದ ಕೂಗು. ಹಕ್ಕಿ ನೋಡುವವರಿಗೆ ಗೊತ್ತು: ಒಂದೇ ಹಕ್ಕಿ ಜೊತೆಯವರಿಗೆ ‘ಇಲ್ಲೇ ಇದ್ದೇನೆ’ ಎನ್ನಲು ಒಂದು ಸ್ವರ, ಗಿಡುಗ ಕಂಡಾಗ ಇನ್ನೊಂದು ಸ್ವರ ಹೊರಡಿಸುತ್ತದೆ. ಹೊಸಬರ ಕಿವಿಗೆ ಎರಡೂ ಒಂದೇ ಚೀಂ.

ಒಂದು ಸೋಮವಾರ ಮೀಟಿಂಗನ್ನು ಸೂಪರ್‌ವೈಸರ್ ಕೈಗೆ ಕೊಟ್ಟು, ನಾನು ಬಾಗಿಲ ಪಕ್ಕ ಪ್ಲಾಸ್ಟಿಕ್ ಸ್ಟೂಲಿನಲ್ಲಿ ಕೂತೆ. ಕೆರೆಗೆ ಒಯ್ಯುವ ನೋಟ್‌ಬುಕ್ಕೇ ಕೈಯಲ್ಲಿತ್ತು. ಹಕ್ಕಿಯ ಹೆಸರಿನ ಜಾಗದಲ್ಲಿ ಆಳಿನ ಗುರುತು, ಎಣಿಕೆಯ ಜಾಗದಲ್ಲಿ ಮಾತು. ಅಂದು ಬರೆದುಕೊಂಡದ್ದರಲ್ಲಿ ಒಂದಿಷ್ಟು ಹೀಗಿದೆ:

‘ಸರೀಂಗ, ಕಣ್ಣು ಫೋನಿನಲ್ಲಿ. ಕೇಳಿಸಿಕೊಂಡಿಲ್ಲ. ಸರೀಂಗ, ಉಸಿರೆಳೆದು, ತಲೆ ಒಂದು ಕಡೆ ವಾಲಿಸಿ. ಆಗುವುದಿಲ್ಲ ಎಂದರ್ಥ. ಸರೀಂಗ ಸರೀಂಗ, ಎರಡು ಸಲ, ಬೇಗ. ಮುಗಿಸಿ, ಲೈನ್ ನಿಂತಿದೆ. ಸರೀಂಗ, ಪಕ್ಕದವನ ಮುಖ ನೋಡಿ. ಹೊರಗೆ ಹೋದ ಮೇಲೆ ಮಾತಾಡುತ್ತಾರೆ. ಚೆಕಿಂಗ್ ಅಕ್ಕ: ತುಟಿ ಎರಡು ಸಲ ಅಲುಗಿತು. ಸದ್ದಿಲ್ಲ.’

ಕೊನೆಯ ಸಾಲನ್ನು ಬರೆದಾಗ ಅದರ ತೂಕ ನನಗೆ ಗೊತ್ತಿರಲಿಲ್ಲ.

ಅವತ್ತಿನ ವಿಷಯ ಶೇಡ್ ವ್ಯತ್ಯಾಸ. ನೇವಿ ಬಣ್ಣದ ಮಾಲಿನಲ್ಲಿ ಬಾಡಿ ಒಂದು ನೇವಿ, ತೋಳು ಇನ್ನೊಂದು ನೇವಿ ಬರುತ್ತಿತ್ತು. ಡೈಯಿಂಗ್‌ನವರದೇ ತಪ್ಪು ಎಂದು ಮೇಜು ತೀರ್ಮಾನಿಸಿತು. ಡೈಯಿಂಗ್‌ನವರು ಅಲ್ಲಿರಲಿಲ್ಲ. ಇಲ್ಲದವರ ಮೇಲೆ ತಪ್ಪು ಹೊರಿಸುವುದರಲ್ಲಿ ಎಲ್ಲ ಮೀಟಿಂಗುಗಳೂ ಒಂದೇ ಜಾತಿ. ಸರೀಂಗಗಳ ಸುರಿಮಳೆಯಾಯಿತು.

ಚಹಾ ಹೊತ್ತಿಗೆ ಅಂಗಳದ ಬೇವಿನ ಮರದಡಿ ಹೋದೆ. ಕೆರೆಯಲ್ಲಿ ಹೊಸ ಹಕ್ಕಿ ಸಿಗುವುದು ಅಂಚಿನಲ್ಲೇ, ಜೊಂಡು ಮುಗಿದು ನೀರು ಶುರುವಾಗುವಲ್ಲಿ. ಮೀಟಿಂಗಿನ ಅಂಚು ಎಂದರೆ ಚಹಾ. ಆ ಅಕ್ಕನ ಪಕ್ಕದ ಕಲ್ಲಿನ ಮೇಲೆ ಕೂತು, ಏನನ್ನೂ ಕೇಳದೆ ಗ್ಲಾಸು ಊದಿಕೊಂಡೆ. ಗ್ಲಾಸು ಅರ್ಧವಾಗುವಾಗ ಆಕೆ ಅಂದರು: “ಅಣ್ಣಾ, ಶೇಡ್ ಬೇರೆ ಬರೋ ಪೀಸಿನ ತೋಳಲ್ಲಿ ಸ್ಟಿಕ್ಕರೇ ಇರಲ್ಲ.”

ಇಷ್ಟೇ ಮಾತು. ಬನಿಯನ್ ಕಂಪನಿಯ ಒಳಗು ಗೊತ್ತಿಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಬಟ್ಟೆಯನ್ನು ಪದರ ಪದರವಾಗಿ ಹಾಸಿ ಒಟ್ಟಿಗೆ ಕತ್ತರಿಸುತ್ತಾರೆ. ಒಂದೇ ಪದರದ ಬಾಡಿ, ತೋಳು, ಕಾಲರ್ ಮತ್ತೆ ಒಟ್ಟು ಸೇರಲಿ ಎಂದು ಪ್ರತಿ ತುಂಡಿಗೂ ನಂಬರಿನ ಸಣ್ಣ ಸ್ಟಿಕ್ಕರ್ ಅಂಟಿಸುತ್ತಾರೆ. ಹೊಲಿಯುವಾಗ ತೂತೋ ಎಣ್ಣೆ ಕಲೆಯೋ ಕಂಡರೆ ಆ ತೋಳನ್ನು ತೆಗೆದು, ಬೇರೆ ತೋಳು ಕತ್ತರಿಸಿ ಹಾಕುತ್ತಾರೆ. ಹಾಗೆ ಕತ್ತರಿಸುವ ಬಟ್ಟೆ ಆ ಹೊತ್ತಿಗೆ ಕೈಗೆ ಸಿಕ್ಕ ರೋಲಿನದು. ಅದು ಬೇರೆ ದಿನ ಬೇರೆ ಡೈಯಿಂಗ್ ಲಾಟಿನಲ್ಲಿ ಬಂದ ರೋಲ್ ಆಗಿರಬಹುದು. ಟ್ಯೂಬ್‌ಲೈಟಿನಡಿ ಎರಡೂ ಒಂದೇ ನೇವಿ. ಹಗಲ ಬೆಳಕಿನಲ್ಲಿ ಬೇರೆ ಬೇರೆ. ಇದನ್ನು ಹಿಡಿಯಲೆಂದೇ ನಮ್ಮಲ್ಲಿ ಲೈಟ್ ಬಾಕ್ಸ್ ಇದೆ. ಹಗಲಿನಂಥ ಬೆಳಕಿಗೆ ಡಿ65, ಯುರೋಪಿನ ಅಂಗಡಿಯ ಬೆಳಕಿಗೆ ಟಿಎಲ್84 ದೀಪ. ಆದರೆ ಅದರಲ್ಲಿ ನೋಡುತ್ತಿದ್ದದ್ದು ರೋಲಿನಿಂದ ಕೊಯ್ದ ಚೂರನ್ನು, ಹೊಲಿದು ಮುಗಿದ ಪೀಸನ್ನಲ್ಲ. ಅಕ್ಕನ ಮೇಜು ಮಾತ್ರ ಪೂರ್ವದ ಕಿಟಕಿಯ ಪಕ್ಕ ಇತ್ತು. ಬೆಳಿಗ್ಗೆ ಹತ್ತರವರೆಗೆ ಬಿಸಿಲು ಮೇಜಿನ ಮೇಲೇ ಬೀಳುತ್ತಿತ್ತು.

ಎಷ್ಟು ದಿನದಿಂದ ಗೊತ್ತು ಎಂದು ಕೇಳಿದೆ. “ದೀಪಾವಳಿ ಮುಂಚಿನಿಂದಾನೂ” ಅಂದರು. ಮೀಟಿಂಗಿನಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಆ ಪ್ರಶ್ನೆ ಆಕೆಗೆ ಕೇಳುವಂಥದ್ದಾಗಿರಲಿಲ್ಲ.

*

ಹಕ್ಕಿಯ ಧ್ವನಿಯನ್ನು ಫೋನಿನಲ್ಲಿ ನುಡಿಸಿ ಹಕ್ಕಿಯನ್ನು ಹೊರಗೆ ಕರೆಯುವವರಿದ್ದಾರೆ. ಫೋಟೊ ಸಿಗುತ್ತದೆ. ಆದರೆ ಬಂದ ಹಕ್ಕಿ ತನ್ನ ಜಾಗಕ್ಕೆ ಯಾರೋ ನುಗ್ಗಿದರೆಂದು ಜಗಳಕ್ಕೆ ಬಂದಿರುತ್ತದೆ. ಗೂಡಿನ ಕಾಲದಲ್ಲಿ ಇದು ಹಿಂಸೆಯೇ. ಬಲ್ಲವರು ಮಾಡುವುದಿಲ್ಲ. ನಾನು ಮೀಟಿಂಗಿನಲ್ಲಿ ಮೊದಲ ವರ್ಷವಿಡೀ ಮಾಡಿದ್ದು ಇದನ್ನೇ. ನನ್ನ ಅಭಿಪ್ರಾಯವನ್ನು ಮೊದಲು ನುಡಿಸಿ, ಅದಕ್ಕೆ ಓಗೊಟ್ಟದ್ದನ್ನು ಎಣಿಸಿಕೊಂಡೆ. ಈಗ ಕಷ್ಟ ಏನು ಎಂದಷ್ಟೇ ಹೇಳಿ ನಿಲ್ಲಿಸುತ್ತೇನೆ. ನನಗೆ ತೋಚಿದ ಪರಿಹಾರ ಜೇಬಿನ ಚೀಟಿಯಲ್ಲಿರುತ್ತದೆ. ಎಷ್ಟೋ ಸೋಮವಾರ ಅದು ಜೇಬಿನಲ್ಲೇ ಮನೆಗೆ ಬಂದು, ಬಟ್ಟೆ ಒಗೆಯುವಾಗ ಮುದ್ದೆಯಾಗಿ ಸಿಕ್ಕಿದೆ. ಅದರಿಂದ ಕಂಪನಿಗೆ ನಷ್ಟವಾದಂತಿಲ್ಲ.

ನಿಲ್ಲಿಸಿದ ಮೇಲಿನ ಮೌನವೇ ಕಷ್ಟದ್ದು. ಮೇರಿ ಬಡ್ ರೋ ಎಂಬ ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದ್ದರು. ಪ್ರಶ್ನೆ ಕೇಳಿದ ಮೇಷ್ಟ್ರು ಉತ್ತರಕ್ಕಾಗಿ ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾದವು, ಬಾಯಿಬಿಡದ ಮಕ್ಕಳೂ ಮಾತಾಡಿದರು. ಮೂರು ಸೆಕೆಂಡು ಏನು ಮಹಾ ಅನ್ನಿಸಬಹುದು. ಹನ್ನೆರಡು ಜನರ ಮುಖ ನೋಡುತ್ತ ಕೂತು ನೋಡಿ, ಆಗ ಗೊತ್ತಾಗುತ್ತದೆ. ಫ್ಯಾನಿನ ಕಟಕಟ ಕೇಳಿಸುತ್ತದೆ. ಹೊರಗೆ ಓವರ್‌ಲಾಕ್ ಮಷೀನಿನ ಗುಂಯ್ ಕೇಳಿಸುತ್ತದೆ. ನಾಲಿಗೆ ತುರಿಸುತ್ತದೆ. ಪೊಂಗಲ್ ಹೊತ್ತಿಗೆ ತಮಿಳುನಾಡಿನಲ್ಲಿ 2015ರಿಂದ ನಡೆಯುವ ಹಕ್ಕಿ ಗಣತಿಯಲ್ಲಿ ಒಂದು ಜಾಗದಲ್ಲಿ ಕಡಿಮೆಯೆಂದರೂ ಹದಿನೈದು ನಿಮಿಷ ನೋಡಬೇಕು. ಅದನ್ನು ಮಾಡಿದವನು ನಾನು, ಆದರೂ ಮೀಟಿಂಗಿನ ಮೂರು ಸೆಕೆಂಡಿಗೆ ಬೆವರಿದ್ದೇನೆ.

ಇನ್ನೊಂದು ದೂರದ ಲೆಕ್ಕ. ಪ್ರತಿ ಹಕ್ಕಿಗೂ ‘ಇದಕ್ಕಿಂತ ಹತ್ತಿರ ಬಂದರೆ ಹಾರುತ್ತೇನೆ’ ಎಂಬ ಗಡಿ ಇರುತ್ತದೆ. ಗದ್ದೆಯಲ್ಲಿ ಎತ್ತಿನ ಹಿಂದೆಯೇ ನಡೆಯುವ ಬೆಳ್ಳಕ್ಕಿಗೆ ಅದು ಸಣ್ಣದು, ಚಳಿಗಾಲಕ್ಕೆ ದೂರದಿಂದ ಬಂದ ಬಾತಿಗೆ ದೊಡ್ಡದು. ಬಾತಿನ ಕಡೆ ನೇರ ನಡೆದರೆ ಕೆಟ್ಟಿರಿ. ಓರೆಯಾಗಿ, ಬೇರೆಲ್ಲೋ ನೋಡುವವರಂತೆ ಸಾಗಬೇಕು. ಬಿಹಾರದ ಹುಡುಗನನ್ನು ಎಲ್ಲರೆದುರು “ನೀನು ಹೇಳಪ್ಪ” ಎಂದು ಬೆರಳು ತೋರಿಸಿ ಕೇಳಿದ ದಿನ ಅವನು ಕೆಂಪಾಗಿ, ಮುಂದಿನ ವಾರ ರಜೆ ಹಾಕಿದ. ಆಮೇಲೆ ಮೊದಲು ಇಬ್ಬಿಬ್ಬರು ತಮ್ಮ ತಮ್ಮ ಭಾಷೆಯಲ್ಲಿ ಮಾತಾಡಿಕೊಳ್ಳಲಿ, ಬಳಿಕ ಯಾರಾದರೂ ಒಬ್ಬರು ಮೇಜಿಗೆ ಹೇಳಲಿ ಎಂದು ಮಾಡಿದೆ. ಐದು ನಿಮಿಷ ಸಂತೆ. ಆದರೆ ಆ ಸಂತೆಯಿಂದ ಬಂದ ಮಾತಿನಲ್ಲಿ ಸರೀಂಗ ಕಡಿಮೆ.

*

ಬೇವಿನ ಮರಕ್ಕೆ ಬರುವ ಹರಟೆಮಲ್ಲಗಳ ಬಗ್ಗೆ ಬರೆಯದಿದ್ದರೆ ಅವು ಕೋಪಿಸಿಕೊಂಡಾವು. ತಮಿಳರು ಇವಕ್ಕೆ ತವಿಟ್ಟು ಕುರುವಿ ಅನ್ನುತ್ತಾರೆ, ತೌಡಿನ ಹಕ್ಕಿ. ಮೈಬಣ್ಣ ನೋಡಿದರೆ ಒಪ್ಪಲೇಬೇಕು. ಏಳೆಂಟು ಕೂಡಿ ತರಗೆಲೆ ಮಗುಚುತ್ತವೆ, ಒಂದು ಮೇಲಿನ ಕೊಂಬೆಯಲ್ಲಿ ಕೂತು ಸುತ್ತ ನೋಡುತ್ತದೆ. ಇವುಗಳ ದೂರದ ಸೋದರರ ಮೇಲೆ ಆಫ್ರಿಕದ ಕಲಹಾರಿಯಲ್ಲಿ ನಡೆದ ಅಧ್ಯಯನ ಒಂದಿದೆ. ಕಾವಲು ಕೂತ ಹಕ್ಕಿ ಸುಮ್ಮನಿರುವುದಿಲ್ಲ, ಮೆಲ್ಲಗೆ ಸದ್ದು ಮಾಡುತ್ತಲೇ ಇರುತ್ತದೆ. ಅದು ಕೇಳಿಸುವವರೆಗೆ ಕೆಳಗಿನವು ತಲೆಯೆತ್ತಿ ನೋಡುವುದನ್ನು ಕಡಿಮೆ ಮಾಡಿ ಹೆಚ್ಚು ಹುಳ ಹೆಕ್ಕುತ್ತವೆ.

ಹಕ್ಕಿಯಿಂದ ಪಾಠ ಬೇಡವೆಂದವನೇ ಇಲ್ಲಿ ಜಾರಿದೆ, ಒಪ್ಪಿಕೊಳ್ಳುತ್ತೇನೆ. ಆ ಅಧ್ಯಯನ ಓದಿದಾಗ ನನಗೆ ನೆನಪಾದದ್ದು ನಮ್ಮಜ್ಜಿ. ಕಥೆ ಹೇಳುವಾಗ ಯಾರಾದರೂ ಹೂಂಗುಟ್ಟಲೇಬೇಕಿತ್ತು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಹೂಂ ಎಂದರೆ ಒಪ್ಪಿಗೆಯಲ್ಲ, ಹೊಗಳಿಕೆಯೂ ಅಲ್ಲ. ಎಚ್ಚರವಿದ್ದೇನೆ, ಮುಂದೆ ಹೇಳು, ಅಷ್ಟೇ. ಮೀಟಿಂಗಿನಲ್ಲಿ ಈಗ ನನ್ನ ಮುಖ್ಯ ಮಾತು ಅದೇ ಆಗಿದೆ. ಕಟಿಂಗ್ ಮಾಸ್ಟರ್ ನಗುತ್ತಾರೆ: “ಏನ್ ಸಾರ್, ಸಂಬಳ ಹೂಂ ಅನ್ನೋದಕ್ಕಾ?”

*

ಫೆಬ್ರವರಿ. ವಾಲ್ಪಾರೈ. ಕೇಳಿಸಿಕೊಂಡು ಪ್ರಶ್ನೆಯನ್ನೇ ಬದಲಿಸಿದವರ ಊರು.

ಆಳಿಯಾರಿನಿಂದ ನಲವತ್ತು ಹಿಮ್ಮುರಿ ತಿರುವು ಹತ್ತಿ ಬಂದರೆ ಚಹಾ ತೋಟ, ನಡುನಡುವೆ ಕಾಡಿನ ತುಣುಕು. ಸುತ್ತ ಆನೈಮಲೈ. ಆನೆಗಳು ಒಂದು ತುಣುಕಿನಿಂದ ಇನ್ನೊಂದಕ್ಕೆ ತೋಟದೊಳಗಿಂದಲೇ ನಡೆಯುತ್ತವೆ. ಬಸ್ಸಿಳಿದು ಕತ್ತಲಲ್ಲಿ ಲೈನ್ ಮನೆಗೆ ಹೋಗುವವರು ಆನೆಗೆ ಎದುರಾಗಿ ಸತ್ತದ್ದುಂಟು. ಆನೆಯನ್ನು ಓಡಿಸುವುದು ಹೇಗೆ ಎಂದು ಕೇಳುವವರೆಗೆ ಬೇಲಿ, ಕಂದಕ, ಪಟಾಕಿ ಬಿಟ್ಟು ಬೇರೆ ಉತ್ತರ ಸಿಗುವುದು ಕಷ್ಟ. ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಎಂ. ಆನಂದ ಕುಮಾರ್ ಮತ್ತು ಜೊತೆಯವರು ವರ್ಷಗಟ್ಟಲೆ ಆನೆಗಳ ಹಿಂದೆ ನಡೆದು, ತೋಟದವರ ಜೊತೆ ಕೂತು ಕಂಡುಕೊಂಡದ್ದು ಇದು: ಎಷ್ಟೋ ಜನ ಸತ್ತದ್ದು ಅಲ್ಲಿ ಆನೆ ಇದೆಯೆಂದು ಗೊತ್ತಿಲ್ಲದೆ. ಪ್ರಶ್ನೆ ‘ಇವತ್ತು ಸಂಜೆ ಆನೆ ಎಲ್ಲಿದೆ?’ ಎಂದು ಬದಲಾಯಿತು. ಕೇಬಲ್ ಟಿವಿಯ ಕೆಳಗೆ ಓಡುವ ಸಾಲಿನಲ್ಲಿ, ಆಮೇಲೆ ಎಸ್‌ಎಂಎಸ್‌ನಲ್ಲಿ, ಎತ್ತರದಲ್ಲಿ ನೆಟ್ಟ ಕೆಂಪು ದೀಪಗಳಲ್ಲಿ ಉತ್ತರ ಬರತೊಡಗಿತು. ದೀಪ ಹಚ್ಚುವುದು ಮೊಬೈಲಿನಿಂದ, ಊರಿನವರೂ ಹಚ್ಚುತ್ತಾರೆ. 2015ರಲ್ಲಿ ಈ ಕೆಲಸಕ್ಕೆ ವಿಟ್ಲಿ ಪ್ರಶಸ್ತಿ ಬಂತು.

ರಸ್ತೆಬದಿಯಲ್ಲಿ ಕಾದೆ. ಆರೂವರೆಗೆ ತಿರುವಿನಾಚೆಯ ಕಂಬದ ಮೇಲೆ ಕೆಂಪು ಮಿನುಗಿತು. ಎಲೆ ಕೊಯ್ದು ಬರುತ್ತಿದ್ದ ಹೆಂಗಸರು ನಿಂತು, ಒಮ್ಮೆ ನೋಡಿ, ಇನ್ನೊಂದು ದಾರಿ ಹಿಡಿದರು. ನನಗೆ ಆನೆ ಕಾಣಲಿಲ್ಲ. ನೋಟ್‌ಬುಕ್ಕಿನಲ್ಲಿ ‘ಆನೆ, ಕಂಡಿಲ್ಲ, ದೀಪ ಕಂಡಿದೆ’ ಎಂದು ಬರೆದೆ.

*

ಸೋಮವಾರ, ಒಂಬತ್ತೂವರೆ. ಬದಲಿ ತೋಳಿಗೆ ಈಗ ಹಳದಿ ಸ್ಟಿಕ್ಕರ್, ರೋಲ್ ನಂಬರಿನೊಂದಿಗೆ. ಅಕ್ಕ ಮೇಜಿನ ಕಡೆ ಕುರ್ಚಿ ಎಳೆದುಕೊಂಡು ಕೂತಿದ್ದರು. ಮಾತಾಡಿದ್ದು ಕಟಿಂಗ್ ಮಾಸ್ಟರ್ ಎರಡು ಸಲ, ಮರ್ಚಂಡೈಸರ್ ನಾಲ್ಕು ಸಲ, ಒಡಿಶಾದ ಹುಡುಗ ಒಂದು ಸಲ. ನಾನು ಹೂಂ, ಲೆಕ್ಕವಿಟ್ಟಿಲ್ಲ. ಗೋಡೆಗೊರಗಿ ನಿಂತ ಐರನಿಂಗ್‌ನವರು ಇಬ್ಬರು, ಕೈ ಕಟ್ಟಿಕೊಂಡು, ಕಣ್ಣು ಬಾಗಿಲ ಕಡೆ. ಮೂರು ತಿಂಗಳಿಂದ ಬರುತ್ತಿದ್ದಾರೆ. ಅವರ ಹೆಸರಿನ ಮುಂದೆ ಎಣಿಕೆಯ ಜಾಗ ಇನ್ನೂ ಖಾಲಿ.